ಮುತ್ಯಾ ಅತ್ತಿದ್ನೋ ಇಲ್ಲೋ? ಒಂದ ಮನ್ಯಾಗ ನಾಕ ಮಂದಿಗೆ ನಾಕ ನೆನಪು ಯಾಕ ಇರ್ತಾವ

ನಮ್ಮ ಮುತ್ಯಾ ಹೋಗಿ ಹತ್ತ ವರ್ಷದ ಮ್ಯಾಲಾತು. ಪ್ರತಿ ಸಲ ಅವನ ವರ್ಷದ ದಿನಕ್ಕ ಎಲ್ಲಾರೂ ಕೂಡಿದಾಗ, ಹೋಳಿಗಿ ಊಟ ಮುಗಿದು ಎಲಿಅಡಕಿ ತಟ್ಟಿ ಬಂತಂದ್ರ ಒಂದ ಜಗಳ ಶುರು ಆಗೇ ಆಗ್ತೈತಿ. ಆಲಮಟ್ಟಿ ಹಿನ್ನೀರಿಗೆ ನಮ್ಮ ಹಳೆ ಊರು ಹೋತಲ್ಲ, ಬೀಳಗಿ ತಾಲೂಕಿನ ಕಡೆ, ಆ ಮನಿ ಬಿಟ್ಟು ಬರೋ ದಿನ ಮುತ್ಯಾ ಏನ ಮಾಡಿದ ಅನ್ನೋದ ಜಗಳ. ದೊಡ್ಡಪ್ಪ ಹೇಳ್ತಾರ, ಅಪ್ಪ ಕಲ್ಲ ನಿಂತಂಗ ನಿಂತಿದ್ದ, ಒಂದ ಹನಿ ಕಣ್ಣೀರ ಹಾಕ್ಲಿಲ್ಲ ಅಂತ. ಸೋದರತ್ತಿ ಹೇಳ್ತಾಳ, ತಲಬಾಗ್ಲ ಚೌಕಟ್ಟ ಹಿಡ್ಕೊಂಡ ಸಣ್ಣ ಹುಡುಗನಂಗ ಬಿಕ್ಕಿ ಬಿಕ್ಕಿ ಅತ್ತ, ನಾನ ಸೆರಗಿಲೆ ಕಣ್ಣ ಒರಸೇನಿ ಅಂತ. ಕಾಕಾ ಅಂತಾನ, ಇಬ್ರೂ ಸುಳ್ಳ ಹೇಳ್ತೀರಿ, ಅಪ್ಪ ಅವತ್ತ ಊರಾಗೇ ಇರ್ಲಿಲ್ಲ, ಪರಿಹಾರದ ರೊಕ್ಕದ ಸಲುವಾಗಿ ಬಾಗಲಕೋಟಿ ಆಫೀಸಿಗೆ ಹೋಗಿದ್ದ. ನಮ್ಮಪ್ಪ ಮಾತ್ರ ಸುಮ್ನ ಅಡಕಿ ಕತ್ತರಸ್ಕೋತ ಕುಂತಿರ್ತಾನ. ನಾನೂ ಅಲ್ಲೇ ಇದ್ದೆ, ಎಂಟೋ ಒಂಬತ್ತೋ ವರ್ಷ, ನನಗ ನೆನಪಿರೋದು ಟ್ರ್ಯಾಕ್ಟರ್‌ನ್ಯಾಗ ಕುಂತು ಚೀಲದಾಗಿನ ಬೆಕ್ಕಿನ ಮರಿ ಹಿಡ್ಕೊಂಡಿದ್ದು ಅಷ್ಟೇ, ಮುತ್ಯಾನ ಮುಖ ಒಂಚೂರೂ ನೆನಪಿಲ್ಲ.

ಭಾಳ ವರ್ಷ ನಾನೂ ಇವರೊಳಗ ಯಾರೋ ಸುಳ್ಳ ಹೇಳ್ತಾರ ಅಂತಾನೇ ತಿಳ್ಕೊಂಡಿದ್ದೆ. ಆಮ್ಯಾಲ ನೆನಪಿನ ವಿಜ್ಞಾನದ ಬಗ್ಗೆ ಓದ್ಕೋತ ಹೋದಂಗ ಗೊತ್ತಾತು, ಮೂರೂ ಮಂದಿ ಮನಸಾರೆ ಖರೇನೇ ಹೇಳ್ತಿರಬಹುದು, ಆದ್ರೂ ಮೂರೂ ಮಾತು ತಪ್ಪಿರಬಹುದು.

ಮೊದ್ಲ ಒಂದ ತಿಳ್ಕೋಬೇಕು. ನೆನಪು ಮೊಬೈಲ್‌ನ್ಯಾಗಿನ ವಿಡಿಯೋ ಅಲ್ಲ. ಹೋಗಿ ಒತ್ತಿದ್ರ ಇದ್ದದ್ದು ಇದ್ದಂಗ ಓಡೂದಿಲ್ಲ. ಕೇಂಬ್ರಿಡ್ಜ್‌ದಾಗ ಫ್ರೆಡರಿಕ್ ಬಾರ್ಟ್ಲೆಟ್ ಅನ್ನೋ ಮನಶಾಸ್ತ್ರಜ್ಞ ಇದ್ರು, ಅವರು 1932ರಾಗ ಪ್ರಕಟ ಮಾಡಿದ ಕೆಲಸ ಇದಕ್ಕ ಬುನಾದಿ. ಇಂಗ್ಲೆಂಡಿನ ಮಂದಿಗೆ ಅಮೆರಿಕಾದ ಮೂಲನಿವಾಸಿಗಳ ಒಂದ ವಿಚಿತ್ರ ಕಥಿ ಓದಾಕ ಕೊಟ್ಟು, ಆಮ್ಯಾಲ ದಿನ ಬಿಟ್ಟು, ತಿಂಗಳ ಬಿಟ್ಟು, ಅದ ಕಥಿ ಹೇಳ್ರಿ ಅಂತ ಕೇಳಿದ್ರು. ಕಥಿ ಸಣ್ಣದಾಗ್ತಾ ಹೋತು, ತಿಳೀಲಾರದ ಭಾಗ ಉದುರಿ ಹೋತು, ಅವರ ಊರಿಗೆ ಹೊಂದೂವಂಗ ಸಾಮಾನು ಬದಲಾತು, ಕಥ್ಯಾಗಿನ ಕಟ್ಟಿಗಿ ಕೊರೆದು ಮಾಡಿದ ಸಣ್ಣ ನಾವಿ ಹೋಗಿ ಅವರ ಬಾಯಾಗ ಬರೇ ಬೋಟ್ ಆತು. ಅಂದ್ರ ನೆನಪ ಮಾಡ್ಕೊಳ್ಳೂದು ಅಂದ್ರ ತೆಗೆದು ಕೊಡೂದಲ್ಲ, ಪ್ರತಿ ಸಲ ಹೊಸದಾಗಿ ಕಟ್ಟೂದು. ನಮ್ಮ ಕಡೆ ಅವ್ವಗೋಳು ಕೌದಿ ಹೊಲೀತಾರ ನೋಡ್ರಿ, ಹಳೆ ಇಲಕಲ್ ಸೀರಿ ತುಂಡು, ಯಾರ್ದೋ ಧೋತರ, ಯಾವ್ದೋ ಕೂಸಿನ ಅಂಗಿ, ಎಲ್ಲಾ ಕೂಡಿಸಿ ಒಂದ ಕೌದಿ. ಹತ್ತ ವರ್ಷದ ಮ್ಯಾಲ ಈ ನೀಲಿ ತುಂಡ ಯಾರ ಸೀರೀದು ಅಂತ ಕೇಳಿದ್ರ ಹೊಲಿದಾಕಿಗೂ ಗೊತ್ತಿರೂದಿಲ್ಲ, ತುಂಡು ಮಾತ್ರ ಅಲ್ಲೇ ಇರ್ತೈತಿ. ನೆನಪೂ ಹಂಗ, ಕಂಡದ್ದು, ಕೇಳಿದ್ದು, ಫೋಟೋದಾಗ ನೋಡಿದ್ದು ಎಲ್ಲಾ ಒಂದಕ್ಕೊಂದು ಹೊಲಕೊಂಡ ಬಿಡ್ತಾವ, ಯಾವ್ದ ಎಲ್ಲಿಂದ ಬಂತು ಅನ್ನೋ ಚೀಟಿ ಎಲ್ಲಾಕ್ಕಿಂತ ಮೊದ್ಲ ಉದುರತೈತಿ.

ನಮ್ಮ ಚಿಗವ್ವನ ಮಗ ಒಬ್ಬಾಂವ ಅದಾನ, ಮುತ್ಯಾ ನನ್ನ ಹೆಗಲ ಮ್ಯಾಲ ಕುಂದರಿಸ್ಕೊಂಡ ಜಾತ್ರಿ ತೋರ್ಸಿದ್ದ ನನಗ ಛಲೋ ನೆನಪೈತಿ ಅಂತಾನ. ಲೆಕ್ಕ ಹಾಕಿದ್ರ ಅವಾಗ ಅವನಿಗೆ ಒಂದೂವರಿ ವರ್ಷ. ಸಾಮಾನ್ಯವಾಗಿ ಮೂರು ಮೂರೂವರಿ ವರ್ಷಕ್ಕಿಂತ ಮೊದ್ಲಿಂದು ದೊಡ್ಡವರಾದ ಮ್ಯಾಲ ಯಾರಿಗೂ ನೆನಪಿರೂದಿಲ್ಲ. ಆದ್ರ ಅವರ ಮನಿ ಗೋಡಿ ಮ್ಯಾಲ ಅದ ಜಾತ್ರಿ ಫೋಟೋ ಐತಿ, ಫ್ರೇಮ್ ಹಾಕಿಸ್ಯಾರ. ನಾ ಅವನಿಗೆ ಹೇಳಾಕ ಹೋಗಿಲ್ಲ, ಯಾಕ ಬೇಕು.

ಈಗ ಕೇಳೋ ರೀತಿ. 1974ರಾಗ ಅಮೆರಿಕಾದಾಗ ಎಲಿಜಬೆತ್ ಲಾಫ್ಟಸ್ ಮತ್ತ ಜಾನ್ ಪಾಮರ್ ಅನ್ನೋರು ವಿದ್ಯಾರ್ಥಿಗಳಿಗೆ ಕಾರ್ ಆಕ್ಸಿಡೆಂಟಿನ ಫಿಲ್ಮ್ ತೋರ್ಸಿದ್ರು. ಕೆಲವ್ರಿಗೆ ಕಾರ್ ಎಷ್ಟ ಸ್ಪೀಡಿನ್ಯಾಗ ‘ಬಡದ್ವು’ ಅಂತ ಕೇಳಿದ್ರು, ಕೆಲವ್ರಿಗೆ ಎಷ್ಟ ಸ್ಪೀಡಿನ್ಯಾಗ ‘ಅಪ್ಪಳಿಸಿ ಪುಡಿ ಆದ್ವು’ ಅನ್ನೋ ಅರ್ಥದ ಶಬ್ದ ಹಾಕಿ ಕೇಳಿದ್ರು. ಫಿಲ್ಮ್ ಅದ, ಬರೇ ಶಬ್ದ ಬ್ಯಾರೆ. ಮೊದಲನೇ ಗುಂಪು ಸರಾಸರಿ ತಾಸಿಗೆ 34 ಮೈಲಿ ಅಂತು, ಎರಡನೇ ಗುಂಪು 40ರ ಮ್ಯಾಲ ಹೋತು. ಇದರದ ಎರಡನೇ ಪ್ರಯೋಗದಾಗ ಒಂದ ವಾರ ಬಿಟ್ಟು, ಒಡದ ಗ್ಲಾಸ್ ನೋಡಿದ್ರೇನು ಅಂತ ಕೇಳಿದಾಗ, ‘ಬಡದ್ವು’ ಅಂತ ಕೇಳಿಸ್ಕೊಂಡ 50 ಮಂದ್ಯಾಗ 7 ಮಂದಿ ಹೂಂ ಅಂದ್ರು, ‘ಪುಡಿ ಆದ್ವು’ ಅಂತ ಕೇಳಿಸ್ಕೊಂಡ 50ರಾಗ 16 ಮಂದಿ ಹೂಂ ಅಂದ್ರು. ಫಿಲ್ಮ್‌ನ್ಯಾಗ ಒಡದ ಗ್ಲಾಸ್ ಇರ್ಲೇ ಇಲ್ಲ. ಈಗ ನಮ್ಮ ಮನ್ಯಾಗ ಹುಡುಗ್ರು ಕೇಳೂದ ನೋಡ್ರಿ, ‘ಮನಿ ಬಿಡುಮುಂದ ಮುತ್ಯಾ ಎಷ್ಟ ಅತ್ನಬೇ?’ ಅಂತ ಅತ್ತಿನ್ನ ಕೇಳ್ತಾವ. ಅತ್ನೋ ಇಲ್ಲೋ ಅನ್ನೂದು ಆ ಪ್ರಶ್ನ್ಯಾಗ ಮೊದ್ಲ ತೀರ್ಮಾನ ಆಗಿ ಹೋಗೈತಿ, ಉಳದದ್ದು ಎಷ್ಟು ಅನ್ನೂದ ಅಷ್ಟೇ.

ಇನ್ನ ಹೇಳೋ ಸಲ ಹೇಳೋ ಸಲ ಏನಾಗ್ತೈತಿ ಅನ್ನೂದು. ಒಮ್ಮೆ ಮೆದುಳಿನ್ಯಾಗ ಗಟ್ಟಿ ಆದ ನೆನಪು ಹಂಗ ಇರ್ತೈತಿ ಅಂತ ಭಾಳ ದಿನ ತಿಳ್ಕೊಂಡಿದ್ರು. 2000ರಾಗ ಕರೀಮ್ ನಾದರ್, ಗ್ಲೆನ್ ಶಾಫ್, ಜೋಸೆಫ್ ಲೆಡೂ ಅನ್ನೋರು ಇಲಿಗಳ ಮ್ಯಾಲ ಪ್ರಯೋಗ ಮಾಡಿ ತೋರ್ಸಿದ್ರು, ಹಳೆ ಹೆದರಿಕಿಯ ನೆನಪನ್ನ ಮತ್ತೊಮ್ಮೆ ಎಬ್ಬಿಸಿದ್ರ ಅದು ಸ್ವಲ್ಪ ಹೊತ್ತ ಮೆತ್ತಗಾಗ್ತೈತಿ, ತಿರುಗಿ ಗಟ್ಟಿ ಆಗಬೇಕು, ಆ ಹೊತ್ತಿನ್ಯಾಗ ಅಡ್ಡ ಬಂದ್ರ ನೆನಪು ಕೆಡ್ತೈತಿ. ಇಲಿಗೆ ಆದದ್ದು ನಮ್ಮ ಅತ್ತಿಗೂ ಹಂಗಂಗೇ ಆಗ್ತೈತಿ ಅಂತ ನಾ ಹೇಳಾಂಗಿಲ್ಲ, ಮನಶ್ಯಾರದು ಇನ್ನೂ ಗೊಂದಲದಾಗ ಐತಿ. ಆದ್ರ ಒಂದ ಮಾತ ನೀವೂ ನಿಮ್ಮ ಮನ್ಯಾಗ ನೋಡಿರ್ತೀರಿ, ಭಾಳ ಸಲ ಹೇಳಿದ ಕಥಿ ನುಣುಪಾಗ್ತೈತಿ. ಹೇಳಿದಾಗ ಯಾವ ಜಾಗಾದಾಗ ಮಂದಿ ನಕ್ಕರೋ ಆ ಜಾಗಾ ಬೆಳೀತೈತಿ, ಎಲ್ಲಿ ಆಕಳಿಸಿದ್ರೋ ಅಲ್ಲಿ ಕತ್ತರಿ ಬೀಳ್ತೈತಿ.

ಖಾತ್ರಿ ವಿಷಯಕ್ಕ ಬರೋಣ, ಇದ ನನಗ ಎಲ್ಲಾಕ್ಕಿಂತ ಆಶ್ಚರ್ಯ ಆಗಿದ್ದು. ನಮ್ಮ ಕಡೆ ಹಿರ್ಯಾರಿಗೆ 1993ರ ಕಿಲ್ಲಾರಿ ಭೂಕಂಪ ಕೇಳ್ರಿ, ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕ ನಾಕ ನಿಮಿಷ ಇದ್ದಾಗ, ಗಣಪತಿ ಕಳಿಸಿದ ರಾತ್ರಿ. ಮಹಾರಾಷ್ಟ್ರದ ಲಾತೂರ ಕಡೆ ಸಾವಿರಗಟ್ಟಲೆ ಮಂದಿ ಮಣ್ಣಿನ್ಯಾಗ ಹೋದ್ರು, ಇಲ್ಲೀಮಟಾನೂ ಭೂಮಿ ನಡಗಿತ್ತು. ಅವತ್ತ ನಾವ ಎಲ್ಲಿ ಮಲಗಿದ್ವಿ, ಯಾರ ಎಬ್ಬಿಸಿದ್ರು, ಅಡಗಿಮನ್ಯಾಗಿನ ಭಾಂಡೆ ಹೆಂಗ ಸಪ್ಪಳ ಮಾಡಿದ್ವು, ಎಲ್ಲಾ ನಿನ್ನೆ ಆದಂಗ ಹೇಳ್ತಾರ. ದೊಡ್ಡಪ್ಪ ಮುತ್ಯಾ ಎತ್ತ ಬಿಚ್ಚಾಕ ಓಡಿದ ಅಂತಾರ, ಕಾಕಾ ಮುತ್ಯಾ ನನ್ನ ಎತ್ಕೊಂಡ ಓಡಿದ ಅಂತಾನ, ಕಾಕಾಗ ಅವಾಗ ಹತ್ತೊಂಬತ್ತ ವರ್ಷ, ಯಾರ ಎತ್ತತಾರ ಅವನ್ನ! ಇಂಥಾ ನೆನಪಿನ ಮ್ಯಾಲ ನಡೆದ ಒಂದ ಪ್ರಯೋಗ ಐತಿ. 1986ರ ಜನವರಿ 28ಕ್ಕ ಅಮೆರಿಕಾದ ಚಾಲೆಂಜರ್ ನೌಕೆ ಆಕಾಶದಾಗ ಸಿಡೀತು. ಮರುದಿನಾನೇ ಉಲ್ರಿಕ್ ನೈಸರ್ ಮತ್ತ ನಿಕೋಲ್ ಹಾರ್ಶ್ ಅನ್ನೋರು ವಿದ್ಯಾರ್ಥಿಗಳ ಕಡಿಂದ ಸುದ್ದಿ ಎಲ್ಲಿ ಕೇಳಿದ್ರಿ, ಯಾರ ಹೇಳಿದ್ರು ಅಂತ ಬರಸ್ಕೊಂಡ್ರು. ಎರಡೂವರಿ ವರ್ಷ ಬಿಟ್ಟು ಅವರೊಳಗ 44 ಮಂದೀನ ಮತ್ತ ಕೇಳಿದ್ರ, 11 ಮಂದೀದು ಒಂದೂ ಹೊಂದಲಿಲ್ಲ, ಎಲ್ಲಾ ತಪ್ಪು. ತಪ್ಪ ಹೇಳಿದವ್ರಾಗೂ ಭಾಳ ಮಂದಿ ಖರೇನೇ ಅನ್ನೋ ಧೈರ್ಯದಲೇ ಹೇಳಿದ್ರು, ಅವರ ಕೈಬರಹಾನೇ ಮುಂದ ಇಟ್ರೂ ಹಳೆ ನೆನಪು ತಿರುಗಿ ಬರ್ಲಿಲ್ಲ. ಹಂಗಾಗಿ ‘ನನಗ ಕಣ್ಣಿಗೆ ಕಟ್ಟಿದಂಗ ಐತಿ’ ಅಂತ ಯಾರರ ಆಣಿ ಮಾಡಿದ್ರ, ಅದರಿಂದ ಗೊತ್ತಾಗೂದು ಕಣ್ಣಿಗೆ ಕಟ್ಟೈತಿ ಅನ್ನೂದ ಒಂದ.

ಆದ್ರ ಬರೇ ಮೆದುಳಿನ ಮ್ಯಾಲ ತಪ್ಪ ಹೊರಸಿದ್ರ ಅರ್ಧಾ ಮಾತಾಗ್ತೈತಿ. ನಮ್ಮನ್ಯಾಗ ಎಲ್ಲಾರೂ ಕಂಡದ್ದು ಒಬ್ಬಾನ ಮುತ್ಯಾನ್ನ ಅಲ್ಲ.

ದೊಡ್ಡಪ್ಪ ಹುಟ್ಟಿದಾಗ ಮುತ್ಯಾಗ ಇಪ್ಪತ್ತೆರಡೋ ಇಪ್ಪತ್ಮೂರೋ. 1972ರ ಬರ ಬಿದ್ದಾಗ ದೊಡ್ಡಪ್ಪ ಹದಿನಾರ ವರ್ಷದವ್ರು. ಅವಾಗ ಬಾಗಲಕೋಟಿ ಜಿಲ್ಲಾ ಇನ್ನೂ ಆಗಿರ್ಲಿಲ್ಲ, ಎಲ್ಲಾ ಬಿಜಾಪುರ ಜಿಲ್ಲಾನೇ, 1997ರಾಗ ಬ್ಯಾರೆ ಆತು. ಬಾವಿ ತಳ ಕಂಡಿತ್ತು, ದನಕ್ಕ ಮೇವಿಲ್ಲ, ಮುತ್ಯಾ ಎತ್ತ ಮಾರಿ ಬಂದ, ದೊಡ್ಡಪ್ಪನ ಸಾಲಿ ಬಿಡ್ಸಿ ಬರಗಾಲ ಕೆಲಸದಾಗ ರಸ್ತೇಕ ಜಲ್ಲಿ ಒಡಿಯಾಕ ಹಚ್ಚಿದ. ಆ ಮುತ್ಯಾ ಮಾತಿಗೆ ಮುಂಚೆ ಬಾರಕೋಲ ಎತ್ತಾಂವ, ರೊಟ್ಟಿ ಎಣಿಸಿ ಕೊಡಾಂವ. ಕಾಕಾ ಹುಟ್ಟಿದ್ದು ಬರ ಕಳದು ಎರಡ ವರ್ಷಕ್ಕ, ಆಮ್ಯಾಲ ಕೊಳವಿಬಾವಿ ಬಂತು, ಒಂದೆರಡ ಎಕರೆ ಕಬ್ಬ ಬಂತು, ಕಾಕಾನ ಮುತ್ಯಾ ಸಂತಿಂದ ಬರುಮುಂದ ಅಂಗಿ ಕಿಸೇದಾಗ ಬೆಂಡು ಬತ್ತಾಸ ತರಾಂವ. ಇಬ್ರೂ ಕುಂತ ಅಪ್ಪ ಹೆಂಗಿದ್ದ ಅಂತ ವಾದ ಮಾಡ್ತಾರ. ಒಬ್ಬರ ಸಾಕ್ಷಿ 1972, ಇನ್ನೊಬ್ಬರ ಸಾಕ್ಷಿ 1984, ನಡುವ ಹನ್ನೆರಡ ವರ್ಷ ಐತಿ ಅನ್ನೂದ ಇಬ್ರಿಗೂ ಹೊಳಿಯೂದಿಲ್ಲ. ಅದರಾಗ ಇನ್ನೊಂದು, ನಲವತ್ತ ದಾಟಿದ ಮ್ಯಾಲ ಮನಶ್ಯಾಗ ಹತ್ತರಿಂದ ಮೂವತ್ತ ವರ್ಷದ ನಡುವಿನ ನೆನಪು ಬಾಕಿ ಕಾಲಕ್ಕಿಂತ ಜಾಸ್ತಿ ಬರ್ತಾವ, ಇದು ಮತ್ತ ಮತ್ತ ಕಂಡುಬಂದ ಸಂಗತಿ. ದೊಡ್ಡಪ್ಪನ ಆ ವಯಸ್ಸಿನ ತುಂಬ ಬರಾನೇ ಕುಂತೈತಿ. ಹಂಗಾಗಿ ಮುಂದ ಮುತ್ಯಾ ಮೂವತ್ತ ವರ್ಷ ಮೆತ್ತಗ ಇದ್ರೂ ಅವರ ಲೆಕ್ಕಕ್ಕ ಅದು ಬರೂದಿಲ್ಲ. ನಾ ದೊಡ್ಡಪ್ಪನ ಮ್ಯಾಲ ಸಿಟ್ಟ ಆಗಾಂಗಿಲ್ಲ, ಸಾಲಿ ಬಿಟ್ಟಾಂವ ಅವರ, ಕಾಕಾ ಡಿಗ್ರಿ ಮಾಡ್ಯಾನ.

ಅತ್ತಿದು ಇನ್ನೊಂದ ನಮೂನಿ. ಹದಿನಾರಕ್ಕ ಮದವಿ ಆಗಿ ಗಂಡನ ಮನಿಗೆ ಹೋದಾಕಿ. ಆಮ್ಯಾಲ ಆಕಿ ಅಪ್ಪನ್ನ ಕಂಡದ್ದು ಹೆಚ್ಚಂದ್ರ ವರ್ಷಕ್ಕ ಎರಡ ಸಲ, ಅದ್ರಾಗೂ ನಾಗರ ಪಂಚಮಿಗೆ ತವರಮನಿಗೆ ಕರಿಯಾಕ ಬಂದ ಅಪ್ಪ, ಜೋಕಾಲಿ ಕಟ್ಟಿಸಿದ ಅಪ್ಪ, ಹೊಳ್ಳಿ ಹೋಗುಮುಂದ ಉಂಡಿ ಬುತ್ತಿ ಕೈಯಾಗಿಟ್ಟು ಬಸ್ಸು ಮರಿ ಆಗೂತನಕ ನಿಂತ ಅಪ್ಪ. ಹಬ್ಬದ ಅಪ್ಪನ್ನ ನೋಡಿದಾಕಿಗೆ ಮನಿ ಬಿಡುಮುಂದ ಅಪ್ಪ ಅಳೂದು ಹೊಂದತೈತಿ, ಬರದ ಅಪ್ಪನ್ನ ನೋಡಿದಾಂವಗ ಅಪ್ಪ ಕಲ್ಲಾಗಿ ನಿಲ್ಲೂದು ಹೊಂದತೈತಿ. ಮರತ ಜಾಗಾನ ಇಬ್ರೂ ತಮಗ ಗೊತ್ತಿದ್ದ ಮನಶ್ಯಾನಿಂದ ತುಂಬ್ಯಾರ.

ನೆನಪು ಕಳವು ಆಗೂದೂ ಉಂಟು. ಸಣ್ಣಾಂವ ಇದ್ದಾಗ ಬಾವ್ಯಾಗ ಬಿದ್ದೆ, ಅಪ್ಪ ಹಾರಿ ಎತ್ತಿದ ಅಂತ ದೊಡ್ಡಪ್ಪಾನೂ ಹೇಳ್ತಾರ, ನಮ್ಮಪ್ಪಾನೂ ಹೇಳ್ತಾನ, ಬಿದ್ದಾಂವ ಒಬ್ಬಾನ. ಇಬ್ರಿಗೂ ಮೂಗಿನ್ಯಾಗ ನೀರ ಹೋಗಿದ್ದೂ ನೆನಪೈತಿ. ಅವಳಿ ಜವಳಿ ಮಂದ್ಯಾಗ ಇಂಥಾದ್ದನ್ನ 2001ರಾಗ ಅಭ್ಯಾಸ ಮಾಡಿ ಪ್ರಕಟ ಮಾಡ್ಯಾರ, ಒಂದ ಘಟನಾ, ಇಬ್ರೂ ಅದು ನನಗ ಆಗಿದ್ದು ಅಂತಾರ, ವಾರಿಗಿ ಅಣ್ಣತಮ್ಮರೊಳಗೂ ಇದು ಕಾಣ್ತೈತಿ ಅಂತ. ಒಂದ ಕೌದಿ ಹೊಚ್ಕೊಂಡ ಮಲಗಿ ಒಂದ ಕಥಿ ಕೇಳಿ ಬೆಳದವ್ರಿಗೆ ನಂದು ನಿಂದು ಅನ್ನೋ ಗೆರಿ ಅಳಿಸಿ ಹೋಗೂದು ಸಹಜ.

ಎಲ್ಲಾರೂ ಕೂಡಿ ಕುಂತ ನೆನಪ ಮಾಡ್ಕೊಂಡ್ರ ಜಾಸ್ತಿ ಹೊರಗ ಬರ್ತೈತಿ ಅಂತ ಅನಸ್ತೈತಿ, ಉಲ್ಟಾ ಐತಿ. 1997ರ ಒಂದ ಪ್ರಯೋಗದಾಗ ಮೂರ ಮಂದೀನ ಕೂಡಿಸಿ ಕೇಳಿದಾಗ ಬಂದದ್ದಕ್ಕಿಂತ, ಮೂರ ಮಂದೀನ ಬ್ಯಾರೆ ಬ್ಯಾರೆ ಕುಂದರಿಸಿ ಕೇಳಿ ಕೂಡಿಸಿದ್ದು ಜಾಸ್ತಿ ಇತ್ತು. ಒಬ್ಬರ ಮಾತು ಇನ್ನೊಬ್ಬರ ಎಳಿ ಕಡೀತೈತಿ. ಫ್ರಾನ್ಸಿನ ಮೋರಿಸ್ ಹಾಲ್ಬ್‌ವಾಕ್ಸ್ 1925ರಾಗೇ ಹೇಳಿದ್ರು, ನಾವ ನೆನಪ ಮಾಡ್ಕೊಳ್ಳೂದು ನಮ್ಮ ಗುಂಪು ಕೊಟ್ಟ ಚೌಕಟ್ಟಿನ್ಯಾಗ ಅಂತ. ಮನಿತನದಾಗ ಆ ಚೌಕಟ್ಟ ಯಾರ ಕೈಯಾಗ ಇರ್ತೈತಿ? ದೊಡ್ಡ ಧ್ವನಿ ಇದ್ದಾವ್ರ ಕೈಯಾಗ. ನಮ್ಮನ್ಯಾಗ ಸೊಸ್ಯಾರನ್ನ ಈ ವಿಷಯ ಯಾರೂ ಕೇಳೇ ಇರ್ಲಿಲ್ಲ, ಮೂವತ್ತ ವರ್ಷ ಮುತ್ಯಾಗ ದಿನಾ ರೊಟ್ಟಿ ಬಡದ ಹಾಕಿದ ಮಂದಿ ಅವರು.

ಮತ್ತ ವಾಟ್ನಿ ಅನ್ನೋದು ಒಂದೈತಿ, ಅದನ್ನ ಬಿಟ್ಟ ಬರದ್ರ ಈ ಲೇಖನ ಖರೆ ಆಗೂದಿಲ್ಲ. ಹೊಲ ಪಾಲ ಆಗೂ ಮನ್ಯಾಗ ‘ಕೆರಿ ಕಡಿ ಹೊಲ ಅಪ್ಪ ನನಗಂತ ಬಾಯ್ಲೆ ಹೇಳಿದ್ದ’ ಅನ್ನೋ ನೆನಪು ಮೂರ ಮಂದಿಗೆ ಮೂರ ನಮೂನಿ ಇರ್ತೈತಿ. ಎಲ್ಲಾರೂ ಬೇಕಂತ ಸುಳ್ಳ ಹೇಳ್ತಾರ ಅಂತಲ್ಲ, ಲಾಭದ ಕಡೆ ನೆನಪು ತಾನ ವಾಲ್ತೈತಿ, ವಾಲಿದ್ದು ವಾಲಿದಾವ್ರಿಗೇ ಗೊತ್ತಾಗೂದಿಲ್ಲ. ನಮ್ಮ ಎರಡ ಎಕರೆ ಹೋದದ್ದೂ ಹಂಗ. ಮುತ್ಯಾ ದಾನ ಕೊಟ್ಟ ಅಂತ ನಮ್ಮಪ್ಪ, ಕಸ್ಕೊಂಡ್ರು ಅಂತ ದೊಡ್ಡಪ್ಪ. ಹಳೆ ಫೆರಫಾರ, ಅಂದ್ರ ಹೊಲ ಯಾರ ಹೆಸರಿಂದ ಯಾರ ಹೆಸರಿಗೆ ಹೋತು ಅನ್ನೋ ದಾಖಲಿ, ತಗಸಿ ನೋಡಿದ್ರ ಗೇಣಿಗೆ ಮಾಡಾಕ ಕೊಟ್ಟ ಹೊಲ ಅದು, 1974ರ ಭೂಸುಧಾರಣಾ ತಿದ್ದುಪಡಿ ಬಂದಾಗ ಹೊಲ ಮಾಡಾಂವ ಅದನ್ನ ತನ್ನ ಹೆಸರಿಗೆ ಕೇಳೋ ಅರ್ಜಿ, ಫಾರಂ ನಂಬರ್ 7, ತುಂಬಿದ್ದ, ಕಾಯ್ದೆ ಪ್ರಕಾರ ಅವನ ಹೆಸರಿಗೆ ಆತು. ಊರೂರಾಗ ಇಂಥಾವು ಅದಾವ. ಮುತ್ಯಾ ಅದಕ್ಕ ತಕರಾರ ಮಾಡಿದ ಕಾಗದ ಒಂದೂ ಇಲ್ಲ. ಅದನ್ನ ದಾನ ಅನ್ಬೇಕೋ ಸೋಲು ಅನ್ಬೇಕೋ, ಅದು ಹೊಲದ ಉತಾರದಾಗ (ಪಹಣಿಯೊಳಗ) ಬರದಿರೂದಿಲ್ಲ.

ಇಲ್ಲೇ ನಾನು ಎರಡ ಗಂಟ ಬ್ಯಾರೆ ಮಾಡ್ಕೊಂಡೆ. ಕಾಗದಕ್ಕ ಸಿಗೂದು ಒಂದು, ಸಿಗಲಾರದ್ದು ಒಂದು. ಯಾವಾಗ, ಎಲ್ಲಿ, ಯಾರ ಹೆಸರಿಗೆ, ಯಾರ ಇದ್ರು ಅನ್ನೂದಕ್ಕ ಉತಾರ, ಫೆರಫಾರ, ಪರಿಹಾರದ ಆದೇಶ, ಲಗ್ನಪತ್ರಿಕಿ, ಆಸ್ಪತ್ರಿ ಚೀಟಿ ನೋಡಬಹುದು. ಸಾಲಿ ರಿಜಿಸ್ಟರ್ ಹುಷಾರಿ, ಅದರಾಗ ಹಳೆ ಮಂದಿ ಅರ್ಧಕ್ಕರ್ಧ ಜೂನ್ 1ಕ್ಕ ಹುಟ್ಯಾರ, ಮಾಸ್ತರ್ರು ಸಾಲಿ ಶುರು ಆಗೂ ತಾರೀಖು ನೋಡಿ ಬರದದ್ದು ಅದು, ನಮ್ಮನ್ಯಾಗ ಅಣ್ಣತಮ್ಮ ಮೂರೂ ಮಂದಿ ಜೂನ್ 1. ನಮ್ಮ ಭಾಗಕ್ಕ ಇನ್ನೊಂದ ಸವಲತ್ತ ಐತಿ, ಹೆಳವರು. ಸುಗ್ಗಿ ಆದ್ಮ್ಯಾಲ ಎತ್ತ ಏರ್ಕೊಂಡ ಬಂದು ಮನಿ ಮುಂದ ನಿಂತು ನಿಮ್ಮ ಮುತ್ಯಾನ ಮುತ್ಯಾ ಯಾರು, ಮೂಲ ಊರ ಯಾವ್ದು, ಯಾರಿಗೆ ಎಷ್ಟ ಮಕ್ಕಳು ಅಂತ ಹೇಳ್ಕೋತ ಹೋಗ್ತಾರ, ಕಾಳು ಅರಿವಿ ತಗೊಂಡ ಹೋಗ್ತಾರ, ಹೊಸದಾಗಿ ಹುಟ್ಟಿದಾವ್ರ ಹೆಸರ ಸೇರಿಸ್ಕೋತಾರ, ಈಗ ಪುಸ್ತಕದಾಗ ಬರ್ಕೊಂಡಿರ್ತಾರ. ತಲಿಮಾರು ಹಿಡಿಯೂದ್ರಾಗ ಅವರನ್ನ ಮೀರ್ಸಾಕ ಆಗೂದಿಲ್ಲ. ಆದ್ರ ಮುತ್ಯಾ ಸಿಡುಕನೋ ಮೆತ್ತಗಿನಾಂವೋ ಅಂತ ಕೇಳಿದ್ರ ಅವರೂ ನಕ್ಕು, ‘ಛಲೋ ಮನಿತನ್ರಿ ಯಪ್ಪಾ’ ಅಂತಾರ. ಸ್ವಭಾವದ ಗಂಟು ಅದು, ಕಾಗದಕ್ಕ ಸಿಗೂದಿಲ್ಲ. ಅದಕ್ಕ ಯಾರ ಖರೆ ಅಂತ ಕೇಳೂ ಬದ್ಲಿ, ಅವಾಗ ನಿಮಗೆಷ್ಟ ವಯಸ್ಸು, ನೀವ ಎಲ್ಲಿ ನಿಂತಿದ್ರಿ, ಕಣ್ಣಲೆ ನೋಡಿದ್ರೋ ಯಾರರ ಹೇಳಿದ್ರೋ ಅಂತ ಕೇಳಬೇಕು, ಒಬ್ಬೊಬ್ಬರನ್ನ ಬ್ಯಾರೆ ಕುಂದರಿಸಿ.

ಹೋದ ವರ್ಷ ನಾ ಹಂಗ ಮಾಡಿದೆ. ಕಾಕಾನ ಪೆಟ್ಟಿಗ್ಯಾಗ ಆಫೀಸಿನ ಒಂದ ರಸೀದಿ ಸಿಕ್ತು, ಅವ ಹೇಳಿದ್ದ ಖರೆ, ಮುತ್ಯಾ ಆ ವಾರದಾಗ ಒಂದ ದಿನ ಬಾಗಲಕೋಟಿಗೆ ಹೋಗಿದ್ದ. ಆದ್ರ ಮನಿ ಬಿಟ್ಟದ್ದು ಒಂದ ದಿನದಾಗ ಅಲ್ಲ, ಟ್ರ್ಯಾಕ್ಟರ್ ನಾಕೈದ ದಿನ ಖೇಪ ಹೊಡದೈತಿ. ಎಲ್ಲಾರೂ ‘ಅವತ್ತು’ ಅಂತಾರಲ್ಲ, ಒಬ್ಬೊಬ್ಬರ ಅವತ್ತು ಒಂದೊಂದ ದಿನ. ಅಲ್ಲಿಗೆ ಅರ್ಧಾ ಜಗಳ ಹರೀತು. ಆಮ್ಯಾಲ ನಮ್ಮವ್ವನ್ನ ಕೇಳಿದೆ, ಅಡಗಿಮನ್ಯಾಗ, ಯಾರೂ ಇಲ್ಲದಾಗ. ಅವ್ವ ರೊಟ್ಟಿ ತಿರುವಿ ಹಾಕ್ಕೋತನ ಹೇಳಿದ್ಲು. ‘ಅಳೂದೇನ ಬಂತು, ಅಂವಗ ಕಟ್ಟಿಗೀದ ಚಿಂತಿ ಇತ್ತು. ಜಂತಿ, ತೊಲಿ, ಬಾಗ್ಲ ಎಲ್ಲಾ ಕಿತ್ತಿಸಿ ಎಣಸ್ಕೋತ ನಿಂತಿದ್ದ, ಹೊಸ ಮನಿಗೆ ಸಾಲ್ತಾವೋ ಇಲ್ಲೋ ಅಂತ. ನಿಮ್ಮ ಅತ್ತಿ ಬಂದಾಗ ಚೌಕಟ್ಟ ಆಗ್ಲೇ ಟ್ರ್ಯಾಕ್ಟರಿಗೆ ಹೇರಿದ್ರು.’

ಆ ಚೌಕಟ್ಟ ಈಗ ಪುನರ್ವಸತಿ ಕೇಂದ್ರದಾಗಿನ ದೊಡ್ಡಪ್ಪನ ಮನಿಗೆ ಐತಿ. ಅತ್ತಿ ಬಂದಾಗೊಮ್ಮೆ ಅದನ್ನ ಮುಟ್ಟಿ ಒಳಗ ಬರ್ತಾಳ. ನೆನಪಿನ್ಯಾಗ ಚೌಕಟ್ಟ ಎಲ್ಲಿಂದ ಬಂತು ಅಂತ ನನಗ ಅವಾಗ ಗೊತ್ತಾತು ಅನಸ್ತು. ಬ್ಯಾಸಿಗ್ಯಾಗ ನೀರ ಇಳದಾಗ ಹಳೆ ಊರಿನ ಜಾಗಾಕ್ಕ ಹೋಗಿದ್ವಿ, ಕೆಸರಿನ್ಯಾಗ ಬರೇ ಕಲ್ಲಿನ ಪಾಯಾ ಕಾಣ್ತಿತ್ತು, ತಲಬಾಗ್ಲ ಎಲ್ಲಿತ್ತು ಅಂತ ದೊಡ್ಡಪ್ಪ ಒಂದ ಕಡೆ ನಿಂತ್ರು, ಅತ್ತಿ ಹತ್ತ ಹೆಜ್ಜಿ ಆ ಕಡೆ ನಿಂತ್ಲು. ತಡೀಲಾರದ ನಾ ಅವ್ವ ಹೇಳಿದ್ದ ಹೇಳೇಬಿಟ್ಟೆ, ಅತ್ತೀ, ಚೌಕಟ್ಟ ಅವಾಗ ಅಲ್ಲಿ ಇರ್ಲೇ ಇಲ್ಲಂತ.

ಅತ್ತಿ ಒಂಚೂರ ಹೊತ್ತ ನೀರಿನ ಕಡೆ ನೋಡಿದ್ಲು. ‘ಹೌದಲಾ,’ ಅಂದ್ಲು, ‘ಟ್ರ್ಯಾಕ್ಟರ್‌ನ್ಯಾಗ ಇತ್ತು. ಅಪ್ಪ ಟ್ರ್ಯಾಕ್ಟರ್ ಏರಿ ಅದನ್ನ ತಬ್ಬಿಕೊಂಡ ಅತ್ತ.’

ಈ ವರ್ಷದ ದಿನಕ್ಕ ಹುಡುಗ್ರಿಗೆ ಹಂಗ ಹೇಳಿದ್ಲು, ಟ್ರ್ಯಾಕ್ಟರಿನ ಬಣ್ಣದ ಸಮೇತ.